ಹುಳುಕಿಲ್ಲದ ಹಲ್ಲು

ನಾನು ಡಾಕ್ಟರಲ್ಲ.
ಸೋರಿಯ ದೋಣಿಕಟ್ಟೆಯ ಹಿಂದೆ, ಒಮೆನಾ ಮೀನು
ಒಣಹಾಕಿದ ಬಲೆಗಳ ಪಕ್ಕ ಒಂದು ಕೋಣೆ,
ಒಂದು ಕುರ್ಚಿ, ಹನ್ನೆರಡು ಇಕ್ಕಳ.
ಮೂರು ವರ್ಷ ಓದಿ ಹಲ್ಲು ಕೀಳಲು ಕಲಿತವನು.
ಜನ ದಕ್ತಾರಿ ಅನ್ನುತ್ತಾರೆ. ನಾನೂ ತಿದ್ದುವುದಿಲ್ಲ.

ಅಕೇಯೊ ಬಂದದ್ದು ಮಂಗಳವಾರ, ಅಜ್ಜಿಯ ಬೆರಳು ಹಿಡಿದು.
ಸುಗ್ಗಿಯಲ್ಲಿ ಹುಟ್ಟಿದವಳೆಂದು ಆ ಹೆಸರು. ಆರು ತುಂಬಿತ್ತು.
ಮೇಲಿನ ಸಾಲು, ಬಲಕ್ಕೆ, ಎರಡು ದವಡೆಹಲ್ಲು
ನಾಲಗೆ ತಾಗಿದರೆ ಓಲಾಡುತ್ತಿದ್ದವು.

ಆರಕ್ಕೆ ಬೀಳುವುದು ಮುಂದಿನ ಹಲ್ಲು.
ಹಿಂದಿನವಕ್ಕೆ ಇನ್ನೂ ಮೂರ್ನಾಲ್ಕು ವರ್ಷದ ಬಾಡಿಗೆ ಬಾಕಿ.
ಇದು ನನಗೆ ಗೊತ್ತಿತ್ತು.
ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಾಗಲಿಲ್ಲ;
ಹೊರಗೆ ಹದಿನಾಲ್ಕು ಜನ, ಒಬ್ಬ ನರಳುತ್ತಿದ್ದ.

ಅಜ್ಜಿ ನಕ್ಕಳು. ಊರಿಗೆಲ್ಲ ಅವಳು ನ್ಯಾರ್ ಗೆಮ್, ಗೆಮ್‌ನ ಮಗಳು.
ನಕ್ಕರೆ ಕೆಳಗಡೆ ಆರು ಹಲ್ಲಿನ ಜಾಗ ಖಾಲಿ.
ಆ ಕಾಲದ ಪದ್ಧತಿ: ಹುಡುಗಿ ದೊಡ್ಡವಳಾದಳು ಎನ್ನಲಿಕ್ಕೆ
ಕಬ್ಬಿಣದ ಕಡ್ಡಿಯಿಂದ ಮೀಟಿ ತೆಗೆದದ್ದು.
"ನನ್ನವು ಆರು ಹೋದವು, ನಾನೇನು ಸತ್ತೆನೇ? ಕೀಳು."

ಕಿತ್ತೆ. ಕಿತ್ತೆ ಅನ್ನುವುದೂ ಸುಳ್ಳು.
ಭುಜ ಕೊಟ್ಟು ಬಾಗಿಲು ತಳ್ಳಲು ಹೋದವನಿಗೆ
ಅದು ಮೊದಲೇ ತೆರೆದಿದ್ದರೆ ಹೇಗೋ ಹಾಗೆ
ಮುಗ್ಗರಿಸಿತು ಕೈ.
ಹಲ್ಲು ಬಿಳಿ, ಶುದ್ಧ, ಎಲ್ಲೂ ಒಂದು ಕಪ್ಪು ಚುಕ್ಕಿಯಿಲ್ಲ.
"ಎಷ್ಟು ಚಂದ ಹಲ್ಲು!" ಅಂದೆ, ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟೆ.

ಹತ್ತು ದಿನಕ್ಕೆ ಮತ್ತೆ ಬಂದರು.
ಕೆನ್ನೆ ಮಾವಿನಕಾಯಿ, ಬಲಗಣ್ಣು
ಯಾರೋ ಹಿಂದಿನಿಂದ ನೂಕಿದಂತೆ ಮುಂದಕ್ಕೆ.
ಕಿತ್ತ ಗುಳಿ ಮಾಗಿರಲಿಲ್ಲ; ಅದರೊಳಗಿಂದ
ಏನೋ ಇಣುಕುತ್ತಿತ್ತು.
ಮುಟ್ಟಲಿಲ್ಲ. ಚೀಟಿ ಬರೆಯಲು ಕೂತರೆ
ಅಕ್ಷರ ನಡುಗಿದವು. ಮಟಾಟು ಹತ್ತಿಸಿ ನಾನೂ ಹತ್ತಿದೆ.

ಕಿಸುಮುವಿನ ಆ ವಾರ್ಡಿನಲ್ಲಿ
ಎಲ್ಲ ಮಕ್ಕಳೂ ಬೇರೆ ರೋಗದ ಹೆಸರಲ್ಲಿ ಬಂದವರೇ.
ಸಿಸ್ಟರ್ ಅದೋಯೊ ಮಂಚದಿಂದ ಮಂಚಕ್ಕೆ ತೋರಿಸಿದಳು:
ಇವನು ಕುಂಟುತ್ತಿದ್ದ, ಚೆಂಡಾಟದ ಪೆಟ್ಟೆಂದು ಎಣ್ಣೆ ತಿಕ್ಕಿದರು.
ಇವಳಿಗೆ ಮೆಳ್ಳೆಗಣ್ಣು, ಕನ್ನಡಕ ಕೊಟ್ಟರು.
ಅವನ ಕತ್ತು ಊದಿತ್ತು, ಕೆಪ್ಪಟರಾಯ ಅಂದರು.
ಆ ಮೂಲೆಯವನದು ಉಬ್ಬಸ. ಅಲ್ಲ, ಎದೆಯಲ್ಲಿ ಗಡ್ಡೆ.
ಒಬ್ಬಳ ವಸಡು ಹಲ್ಲನ್ನೇ ನುಂಗುವಷ್ಟು ದಪ್ಪ;
ಸರಿಯಾಗಿ ಉಜ್ಜುವುದಿಲ್ಲ ಅಂತ ತಾಯಿ ಹೊಡೆದಿದ್ದಳು.
ಆ ತಾಯಿ ಗೋಡೆಯ ಕಡೆ ತಿರುಗಿ ಕೂತಿದ್ದಳು.
ನಾನು ಅವಳ ಪಕ್ಕ ಹೋಗಿ ಕೂತೆ.

"ಇದು ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ," ಅಂದಳು ಸಿಸ್ಟರ್.
ರಾತ್ರಿ ಬೆಂಚಿನ ಮೇಲೆ ಲೆಕ್ಕ ಹಾಕಿದೆ:
ಎರಡು, ನಾಲ್ಕು, ಎಂಟು, ಹದಿನಾರು,
ಹತ್ತು ದಿನಕ್ಕೆ ಮೂವತ್ತೆರಡು.
ಒಂದು ಬಾಯಿ ತುಂಬ ಹಲ್ಲು.

ಔಷಧಿ ಇಳಿದ ಮೂರನೇ ದಿನಕ್ಕೇ ಕೆನ್ನೆ ಕರಗತೊಡಗಿತು,
ನೀರಿಗೆ ಬಿದ್ದ ಬೆಲ್ಲದುಂಡೆಯ ಹಾಗೆ.
ಆಮೇಲೆ ಬಾಯಿ ತುಂಬ ಹುಣ್ಣು. ಅಕೇಯೊ
ಹಲ್ಲು ಕಚ್ಚಿದಳು, ತೆರೆಯಲೊಲ್ಲಳು.
ಆಗ ನ್ಯಾರ್ ಗೆಮ್ ಸಿರಿಂಜಿಗೆ ಗಂಜಿ ತುಂಬಿ,
ಕೆನ್ನೆಯ ಒಳಗಿಂದ ಸರಿಸಿ,
ನಾನು ಮಾಡಿದ ಆ ಕಂಡಿಯ ಮೂಲಕ
ತೊಟ್ಟು ತೊಟ್ಟಾಗಿ ಇಳಿಸಿದಳು.

"ನಮಗೆ ಯಾಕೆ ಹಲ್ಲು ತೆಗೆಯುತ್ತಿದ್ದರು ಗೊತ್ತೇ?
ಬಾಯಿ ಕಟ್ಟಿದ ದಿನ ಗಂಜಿ ಹೋಗಲಿಕ್ಕೆ ದಾರಿ ಇರಲಿ ಅಂತ."
ನನ್ನನ್ನು ಸಮಾಧಾನ ಮಾಡಲಿಕ್ಕೆ ಅಂದಳೋ,
ಬರೀ ಹಳೆಯ ಮಾತೋ. ನಾನು ಕೇಳಲಿಲ್ಲ.

ಈಗ ಇಕ್ಕಳ ಹಿಡಿಯುವ ಮುಂಚೆ ಹೊಟ್ಟೆ ಒತ್ತಿ ನೋಡುತ್ತೇನೆ,
ಕಣ್ಣೆರಡೂ ಒಂದೇ ಸಮ ಇವೆಯೇ ಎಂದು ನೋಡುತ್ತೇನೆ.
ಹಲ್ಲಿಗೆ ಬಂದವರು ಗೊಣಗುತ್ತಾರೆ.
ಈ ವರ್ಷ ಒಂಬತ್ತು ಮಕ್ಕಳನ್ನು ಸುಮ್ಮನೆ ಕಿಸುಮುವಿಗೆ ಕಳಿಸಿದೆ.
"ನಿನ್ನ ಆರೋಗ್ಯವಂತರು ಮತ್ತೆ ಬಂದರು," ಎಂದು ಫೋನಿನಲ್ಲಿ ನಗುತ್ತಾರೆ.
ನಗಲಿ.

ಡಿಸೆಂಬರಿನಲ್ಲಿ ಅಕೇಯೊ ಬಂದಳು,
ತಲೆ ಮೇಲೆ ಹೊಸ ಹುಲ್ಲಿನಷ್ಟು ಕೂದಲು.
ಕುರ್ಚಿ ಹತ್ತಿ, ಬೆರಳಿಂದ ಬಾಯಗಲಿಸಿ
"ದಕ್ತಾರಿ, ಇಲ್ಲಿ ಮತ್ತೆ ಬರುತ್ತದಾ?" ಅಂದಳು.
ಕನ್ನಡಿ ಇಟ್ಟು, ದೀಪ ತಿರುಗಿಸಿ,
ನಯವಾದ ಗುಲಾಬಿ ವಸಡನ್ನು
ಎಷ್ಟೋ ಹೊತ್ತು ನೋಡುತ್ತ ನಿಂತೆ.