ಒಳಮಗ್ಗಲ ಕಿಸೆ

ಯಲ್ಲೂಬಾಯಿ ಸ್ಟೀಲ ಡಬ್ಬಿ ಕೊಟ್ಟು
ಸೊಲ್ಲಾಪುರದ ಓಣಿ ಓಣಿ ತಿರುಗಿ
ಹಳೆ ಅರಿವಿ ಇಸಗೊಂಡು ಬರ್ತಾಳ.
ಸೀರಿ, ಧೋತರ ಒಂದು ಗಂಟು.
ಜೀನ್ಸಿಂದು ಬ್ಯಾರೆ ಗಂಟು, ಅದು ನನಗ.
ತೂಕದ ಮ್ಯಾಲ ರೊಕ್ಕ.
ತೊಯ್ದದ್ದು ತಂದ್ರ ಜಗಳ.

ಕೌದಿ ಹೊಲಿದ ಕೈ ಇದು.
ನಾಕು ಬಾಣಂತನ ಕಂಡ ಇಳಕಲ್ ಸೀರಿಯಾಗ
ಸೂಜಿ ತಾನಽ ದಾರಿ ಹುಡುಕತಿತ್ತು.
ಜೀನ್ಸ್ ಹಂಗಲ್ಲ.
ಮೊದಲ ದಿನ ಮೂರು ಸೂಜಿ ಮುರದ್ವು,
ನಾಕನೇದು ಹೆಬ್ಬಟ್ಟಿನಾಗ ಇಳೀತು.
ಮರುದಿನ ಚೀಲ ಹೊಲಿಯೋ ದಬ್ಬಣ ತಂದೆ.

ಕಾಲಿನ ತುದಿಗೆ ಕತ್ರಿ ಹಚ್ಚಿ
ಸುತ್ತಿ ಸುತ್ತಿ ಮ್ಯಾಲ ಏರಬೇಕು,
ಮೋಸಂಬಿ ಸಿಪ್ಪಿ ಹರೀದಂಗ ಸುಲಿದಂಗ,
ಎರಡು ಬೆರಳ ಅಗಲ.
ಒಂದು ಕಾಲಿಗೆ ಒಂದು ಉಂಡಿ.
ಮೊಣಕಾಲು ಬೆಳ್ಳಗಿದ್ರ ಫರ್ಶಿ ಕೂಡಿಸುವವಂದು,
ತೊಡಿ ಸಂದಿ ಸವದಿದ್ರ ಸೈಕಲ್ಲಿನವಂದು,
ಹಿಂದಿನ ಕಿಸೆ ಉಬ್ಬಿದ್ರ ಪಾಕೀಟು.
ಖಾಲಿ ಪಾಕೀಟಿಗೂ ಅಷ್ಟಽ ಉಬ್ಬು.
ಸಿಕ್ಕದ್ದೆಲ್ಲ ಬಿಸ್ಕೀಟ ಡಬ್ಬಿಗೆ:
ತುಳಜಾಪುರ ಬಸ್ಸಿನ ಚೀಟಿ, ಅಡಕಿ ಚೂರು,
ಒಂದು ಸಲ ಹಾಲುಹಲ್ಲು.
ಅದನ್ನ ಇನ್ನೂ ಒಗದಿಲ್ಲ.

ಹಿಂದಿನ ಕಿಸೆಯ ಹೊಲಿಗಿ ಬಿಚ್ಚಿದ್ರ
ಅದರಡಿ ಒಂದು ಚೌಕ
ಅಂಗಡ್ಯಾಗ ಇದ್ದಷ್ಟಽ ನೀಲಿ.
ಹತ್ತು ವರ್ಷದ ಬಿಸಿಲು ಅದಕ್ಕ ಗೊತ್ತಽ ಇಲ್ಲ.
ಅದನ್ನ ಕತ್ತರಿಸೂಮುಂದ
ನಾನು ಯಾರ ಜೋಡಿನೂ ಮಾತಾಡೂದಿಲ್ಲ.

ಅಂಬಾದಾಸನ ಮಗ್ಗದಾಗ ಚಾದರ ನಿಂತು ಏಳು ವರ್ಷ.
ಅವನು ಹತ್ತಿ ದಾರದ ಹಾಸು ಹೂಡ್ತಾನ,
ನಾನು ನೀಲಿ ಹೊಕ್ಕು ಕೊಡ್ತೀನಿ.
ಲಾಳಿಯಾಗ ಹಿಡಿಯಲ್ಲ, ಕೈಲೆ ತೂರಬೇಕು.
ಬಡಿ, ಇನ್ನೊಮ್ಮೆ ಬಡಿ.
ಅವನ ಎಣಿಕಿ ತೆಲುಗಿನಾಗ, ನನ್ನ ಬೈಗುಳ ಕನ್ನಡದಾಗ,
ಗಿರಾಕಿ ಪಾಯಪುಸಣಿ ಅಂತ ಮರಾಠಿಯಾಗ ಕೇಳಿ
ಇಪ್ಪತ್ತು ರೂಪಾಯಿ ಕಡಿಮಿ ಮಾಡಿಸ್ತಾನ.

ಹ್ವಾದ ದೀವಳಿಗಿಗೆ ಭಾಗ್ಯವಂತಿ ಬಂದ್ಳು.
ಲಗ್ನಾಗಿ ಎರಡು ತಿಂಗಳು.
ಕೈಯಾಗ ಒಂದಽ ಜೀನ್ಸ್, ಅಕೀದಽ,
ಪಾಲಿಟೆಕ್ನಿಕ್ಕಿಗೆ ಹಾಕ್ಕೊಂಡು ಹೋಗತಿದ್ದದ್ದು.
'ಇನ್ನ ಎಲ್ಲಿ ಹಾಕ್ಕೋತಿ,
ಹೊಸ್ತಲಕ್ಕ ಕಾಲೊರಸು ಮಾಡಸು ಅಂದ್ರು ಅತ್ತಿ.'
ಹೇಳಿ, ಗ್ವಾಡಿಯ ಕ್ಯಾಲೆಂಡರ್ ನೋಡಿದ್ಳು,
ಯಾವುದೋ ತಾರೀಖು ಹುಡುಕುವಂಗ.

ಹ್ವಾದಾಕಿ ಓಣಿ ತಿರುವಿನಿಂದ ವಾಪಸ್ ಬಂದ್ಳು.
'ಮಾವಶಿ, ಒಂದು ಕಿಸೆ ಇಡ್ರಿ.
ಕೆಳಮಗ್ಗಲಿಗೆ. ಕಾಣದಂಗ.'
ಯಾಕ ಅಂತ ಕೇಳಲಿಲ್ಲ.
ಬಾಯಿ ಯಾವ ಕಡೆ ಇರಬೇಕು, ಅಂದೆ.
'ಒಳಗಡೆ,
ನಾ ನೆಲ ಒರಸೂಮುಂದ ಕೈಗೆ ಸಿಗುವಂಗ.'

ಕಾಲೊರಸಿಗೆ ಕಿಸೆ ಯಾಕ,
ಮಣ್ಣು ತುಂಬಾಕೇನು, ಅಂತ ನಕ್ಕ ಅಂಬಾದಾಸ.
ಅವನ ಅಂಗಿಗೆ ಎರಡು ಕಿಸೆ,
ಒಳಬನಿಯನ್ನಿಗೆ ಒಂದು ಕಳ್ಳಗಿಸೆ.
ನನಗ ಅರವತ್ತು ವರ್ಷ
ಸೊಂಟದ ಗಂಟೊಂದಽ.

ಶ್ರಾವಣದಾಗ ಮತ್ತ ಬಂದ್ಳು, ಅಂಚು ಬಿಚ್ಚೇದ ಅಂತ.
ಮ್ಯಾಲ ಇಡೀ ಮನಿಯ ಹೆಜ್ಜಿ,
ಮಾವನ ಹಿಮ್ಮಡದ ಜಾಗಾ ತೆಳ್ಳಗಾಗಿತ್ತು.
ತಿರುವಿ ಹಾಕಿದೆ.
ಕಿಸೆಯ ಬಾಯಿ ಸವದು ಬೆಳ್ಳಗಾಗಿತ್ತು,
ಮೂಲಿಯ ರಿವೀಟು ತಿಕ್ಕಿ ತಿಕ್ಕಿ ಹೊಸಾದು.
ಒಳಗ ಏನೂ ಇರಲಿಲ್ಲ,
ಮಡಚಿದ್ದೇನೋ ಭಾಳ ದಿನ ಕುಂತು ಎದ್ದ ಗುರ್ತು.
ಹೆಗಲಿಗೆ ಹೊಸಾ ಬ್ಯಾಗಿತ್ತು. ಅದನ್ನೂ ಕೇಳಲಿಲ್ಲ.
ದಬ್ಬಣಕ್ಕ ಎರಡೆಳಿ ಪೋಣಿಸಿ
ಬಾಯಿಯ ಎರಡೂ ಮೂಲಿಗೆ ಗಂಟು ಬಿಗದೆ.
ಅಂಚಿನ ರೊಕ್ಕ ಇಸಗೊಂಡೆ,
ಕಿಸೆದ್ದು ಒಲ್ಲೆ ಅಂದೆ.

ಈಗ ಮಂಗಳವಾರದ ಬಜಾರದಾಗ
ಕೆಲವು ಹೆಂಗಸರು ಬಣ್ಣ ನೋಡೂದಿಲ್ಲ,
ಹಾಸು ತಿರುವಿ ಕೆಳಗ ಕೈ ಆಡಿಸ್ತಾರ.
ಸಿಕ್ಕಿತಂದ್ರ ಚೌಕಾಶಿ ಇಲ್ಲ.
ಹಿಂದ ನಿಂತ ಗಂಡ
ಇದೇನದು ದಪ್ಪ ದಪ್ಪ ಅಂತ ಕೇಳಿದ್ರ
ನಾನಽ ಹೇಳ್ತೀನಿ:
ಜಾರಬಾರದಲ್ರಿ,
ನೆಲಾ ಹಿಡೀಲಿ ಅಂತ.