ದಾಖಲಾಗದ್ದು

ಸಭೆ ಶುರುವಾದದ್ದು ಸಂಜೆ ಆರು ಹತ್ತಕ್ಕೆ.
ಹಾಜರಿದ್ದವರು ಮೂವರು ಕಮಿಷನರುಗಳು, ಕಂಪನಿಯ ವಕೀಲ,
ಹನ್ನೊಂದು ಮಂದಿ ಸಾರ್ವಜನಿಕರು.
ನಡಾವಳಿಗೆ ಇಷ್ಟು ಸಾಕು.
ಆರ್ಫಾ ಸ್ಕೀನ್ಸ್ ಮಡಿಲಲ್ಲಿ ಶೂ ಡಬ್ಬಿ ಇಟ್ಟುಕೊಂಡು ಕೂತಿದ್ದಳು
ಅಂತೆಲ್ಲ ಬರೆಯುವ ಪದ್ಧತಿ ಇಲ್ಲ.

ಗೋಡೆಯ ಮೇಲೆ ವೆಸ್ಟ್ ವರ್ಜೀನಿಯಾ, ಅದರೊಳಗೆ ನಮ್ಮ ಕೌಂಟಿ,
ಅದರೊಳಗೆ ನಮ್ಮ ಕಣಿವೆ: ಪೂರ್ತಿ ನೇರಳೆ.
ನೇರಳೆ ಅಂದರೆ ಇಂಟರ್ನೆಟ್ ತಲುಪಿದೆ.
ತಲುಪಿದ ಕಡೆಗೆ ಸರ್ಕಾರದ ದುಡ್ಡು ಬರುವುದಿಲ್ಲ,
ಉಂಡವನಿಗೆ ಮತ್ತೆ ಯಾರು ಎಲೆ ಹಾಕುತ್ತಾರೆ?
ಒಂದು ಬ್ಲಾಕಿನಲ್ಲಿ ಒಂದು ಮನೆಗೆ ಸಿಕ್ಕಿದ್ದರೆ
ಎಲ್ಲರಿಗೂ ಸಿಕ್ಕಿದ ಲೆಕ್ಕ, ಅಂದ ವಕೀಲ.
ಒಂದು ಅಗುಳು ಹಿಚುಕಿ
ಇಡೀ ಗಡಿಗೆ ಬೆಂದಿತು ಅನ್ನುವ ಹಾಗೆ.

ಆ ಅಗುಳು ಯಾರ ಮನೆ ಅಂತ
ಯಾರೂ ಕೇಳಲಿಲ್ಲ.

ಆರ್ಫಾ ಎದ್ದು ಡಬ್ಬಿ ತೆರೆದಳು.
ಹದಿಮೂರು ತಿಂಗಳ ಚೀಟಿಗಳು. ಕರೆಂಟು ಬಿಲ್ಲಿನ ಬೆನ್ನು,
ಚರ್ಚಿನ ಕಾಣಿಕೆ ಕವರು, ಬೀನ್ಸ್ ಬೀಜದ ಪೊಟ್ಟಣ,
ಪ್ರತಿಯೊಂದರ ಮೇಲೂ ತಾರೀಕು, ಗಂಟೆ, ವೇಗ.
ಫೆಬ್ರವರಿ ಒಂಬತ್ತು, ರಾತ್ರಿ ಎರಡು: ಸೊನ್ನೆ ಪಾಯಿಂಟ್ ನಾಲ್ಕು.
ಹತ್ತು: ಸೊನ್ನೆ.
ಹನ್ನೊಂದು: ಹಿಮ. ಅಳೆಯಲಿಲ್ಲ.
ಮೂರು ನಿಮಿಷ ಮುಗಿಯಿತು ಅಂತ ಕಮಿಷನರ್ ಹ್ಯಾಚರ್ ಗಂಟೆ ಬಾರಿಸಿದಾಗ
ಅವಳಿನ್ನೂ ಫೆಬ್ರವರಿಯಲ್ಲೇ ಇದ್ದಳು.

ಆಕ್ಷೇಪಣೆಗಳನ್ನು ಆನ್‌ಲೈನಿನಲ್ಲೇ ಸಲ್ಲಿಸಬೇಕು,
ಅಂದ ವಕೀಲ, ಮೃದುವಾಗಿ.
ಯಾರೋ ನಕ್ಕರು. ನಗು ಕೂಡ ದಾಖಲಾಗುವುದಿಲ್ಲ.

ಆಮೇಲೆ ಕಂಬದ ವಿಷಯ.
ಡೆಲ್ಮಸ್ ಟ್ಯಾಕೆಟ್, ನಿವೃತ್ತ ಲೈನ್‌ಮನ್, ಟೋಪಿ ತೆಗೆದು ಹೇಳಿದ:
"ಎಪ್ಪತ್ತೊಂಬತ್ತರಲ್ಲಿ ಅದನ್ನು ನೆಟ್ಟವನು ನಾನು.
ಈಗ ತುದಿ ವಿದ್ಯುತ್ ಕಂಪನಿಯದು, ನಡು ಫೋನ್ ಕಂಪನಿಯದು,
ತೂತುಗಳು ಮರಕುಟಿಗನವು.
ಕೊಳೆತ ಬುಡ ಮಾತ್ರ ಯಾರದೂ ಅಲ್ಲ."
ಹೊಸ ಕಂಬದ ಖರ್ಚು ಹೊಸಬ ಕೊಡಲಿ ಅಂತ ಹಳಬ,
ಹಳಬನೇ ಕೊಡಲಿ ಅಂತ ಹೊಸಬ.
ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು,
ತಂತಿ ಸೇತುವೆಯ ಈಚೆಗೇ ಸುರುಳಿ ಸುತ್ತಿ ಮಲಗಿದೆ
ಎರಡು ಚುನಾವಣೆಗಳಿಂದ.
ಎರಡೂ ಪಕ್ಷದವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿದ್ದಾರೆ.

"ನಾವೇ ಎಳೆದುಕೊಂಡರೆ?" ಹಿಂದಿನ ಸಾಲಿಂದ ಟ್ವೈಲಾ,
ರಾತ್ರಿ ಪಾಳಿಯ ನರ್ಸ್, ಕೋಟಿನ ಕೆಳಗೆ ಇನ್ನೂ ಸಮವಸ್ತ್ರ.
ಮೂವರೂ ವಕೀಲನ ಮುಖ ನೋಡಿದರು.
ಅವನು ಕೌಂಟಿಯ ವಕೀಲನಲ್ಲ.

ನಿರ್ಣಯ: ಮುಂದೂಡಲಾಗಿದೆ. ಎರಡಕ್ಕೆ ಒಂದು.
ಮುಕ್ತಾಯ ಏಳು ನಲವತ್ತು.
ಸಹಿ: ವರ್ನಾ ಪ್ರಾಫಿಟ್, ಗುಮಾಸ್ತೆ.

ಇನ್ನು ಉಳಿದದ್ದು.

ಆ ಅಗುಳು ನಾನು.
ತಂತಿಯ ಸುರುಳಿಯಿಂದ ನಲವತ್ತು ಹೆಜ್ಜೆ, ನನ್ನ ಮನೆ.
ಮೂರು ವರ್ಷದ ಹಿಂದೆ ಕಂಪನಿಯ ಹುಡುಗನೊಬ್ಬ ಬಂದು
ಗೋಡೆಗೆ ಬಿಳಿ ಪೆಟ್ಟಿಗೆ ಹೊಡೆದುಹೋದ.
ಸೇಬಿನ ಪೈ ಕಟ್ಟಿಕೊಟ್ಟಿದ್ದೆ.
ಆ ಸಂಜೆಯೇ ಇಪ್ಪತ್ತಾರು ಮನೆಗಳು ನೇರಳೆಯಾದವು.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ.
ಇಲ್ಲಿ ದೀಪವೇ ಕಟಕಟೆ ಹತ್ತಿ
ಕತ್ತಲೆ ಇಲ್ಲವೆಂದು ಸಾಕ್ಷಿ ಹೇಳುತ್ತಿದೆ.

ರಾತ್ರಿ ಹತ್ತರ ಮೇಲೆ ನನ್ನ ಬೇಲಿಗೆ ಒರಗಿ ಕಾರುಗಳು ನಿಲ್ಲುತ್ತವೆ,
ಗಾಜಿನ ಮೇಲೆ ಉಸಿರಿನ ಮಂಜು, ಒಳಗೆ ಮುಖದಷ್ಟಗಲ ನೀಲಿ.
ಆರ್ಫಾಳ ಮೊಮ್ಮಗ, ಬೀಜಗಣಿತ.
ರಜೆಯಿದ್ದ ರಾತ್ರಿ ಟ್ವೈಲಾ, ಅವಳ ಅಪ್ಪನ ಎಕ್ಸ್-ರೇ.
ಪಾಸ್‌ವರ್ಡ್ ತೆಗೆದುಹಾಕಿದ್ದೇನೆ.
ಒಪ್ಪಂದದ ನಾಲ್ಕನೇ ಪುಟದ ಪ್ರಕಾರ ಅದು ಕಳ್ಳತನ.

ಈಗಷ್ಟೇ ನಡಾವಳಿಯನ್ನು ಕೌಂಟಿಯ ಪುಟಕ್ಕೆ ಏರಿಸಿದೆ,
ರೆಪ್ಪೆ ಬಡಿಯುವುದರೊಳಗೆ ಹೋಯಿತು.
ಹೊರಗೆ ಯಾರೋ ಓದುತ್ತಿರಬೇಕು.
ಕೊನೆಯ ಸಾಲಿಗೆ ಬರುವಷ್ಟು ಹೊತ್ತಾದ ಮೇಲೆ
ಒಂದು ಕಾರಿನ ಇಂಜಿನ್ ಗುರುಗುಟ್ಟಿತು.
ಹೊರಟರು ಅಂದುಕೊಂಡೆ.
ಇಲ್ಲ, ಹೀಟರಿಗೆ.