ಏಳನೇ ಕಾಲಂ

ಟಿ.ಸಿ. ಅರ್ಜಿಯ ಏಳನೇ ಕಾಲಂ: ಬಿಡಲು ಕಾರಣ.
ಹುಡುಗರು ‘ಸ್ವಂತ’ ಅಂತ ಬರೆಯುತ್ತಾರೆ, ಹುಡುಗಿಯರು ‘ಮದುವೆ’.
ಸೊರಬದ ಗುತ್ಯಮ್ಮ, ಎಂಎಸ್ಸಿ ಗಣಿತ,
ಖಾಲಿ ಬಿಟ್ಟು ಕಿಟಕಿಯೊಳಗೆ ತೂರಿಸಿದಳು.

“ಏನಾದರೂ ಬರಿಯಮ್ಮ.”
“ಏನಂತ ಬರೀಲಿ ಸರ್?
ಫೇಲಾಗಿಲ್ಲ. ಫೀಸು ಬಾಕಿಯಿಲ್ಲ.
ಕ್ಲಾಸಲ್ಲಿ ಎಲ್ಲರೂ ತಲೆಯಾಡಿಸುವಾಗ
ನಾನೂ ಆಡಿಸ್ತೀನಿ. ಅಷ್ಟೇ.”
ಆಮೇಲೆ, ಮೆಲ್ಲಗೆ: “ಅವರಿಗೆಲ್ಲ ನಿಜವಾಗಿ ತಿಳೀತದೆ.”

ಶಂಕರಘಟ್ಟದ ಈ ಕಿಟಕಿಯಲ್ಲಿ ನನಗೆ ಇಪ್ಪತ್ತೆಂಟು ವರ್ಷ.
ಇದಕ್ಕೆ ಕಾಲಂ ಇಲ್ಲ.
ನನ್ನ ಬಿ.ಎ. ಕೊನೆಯ ಪರೀಕ್ಷೆಯ ದಿನ
ತುಂಗೆಯ ಸೇತುವೆ ದಾಟದೆ
ಬಸ್‌ಸ್ಟ್ಯಾಂಡಿನಲ್ಲೇ ಮೂರು ಗಂಟೆ ಕೂತಿದ್ದೆ,
ಹಾಲ್ ಟಿಕೆಟ್ ಮಡಿಸುತ್ತ, ಬಿಚ್ಚುತ್ತ.
ಮನೆಯಲ್ಲಿ ಹೇಳಿದ್ದು ಜ್ವರ.

ಅವಳು ಹೋದಮೇಲೆ ನೋಡುತ್ತೇನೆ:
ಚಲನ್ನಿನಲ್ಲಿ ನಾನು ಕೂಡಿದ ಮೊತ್ತದ ಕೆಳಗೆ
ಪೆನ್ಸಿಲಿನಲ್ಲಿ, ಇರುವೆಕಾಲಿನಷ್ಟು ತೆಳ್ಳಗೆ, ಬೇರೆ ಮೊತ್ತ.
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ.
ಎರಡು ಸಲ ಕೂಡಿದೆ. ನನ್ನದೇ ತಪ್ಪು, ತೊಂಬತ್ತು ರೂಪಾಯಿ.

ರಬ್ಬರು ತೆಗೆದುಕೊಂಡು
ಪ್ರಶ್ನೆಚಿಹ್ನೆಯನ್ನಷ್ಟೇ ಅಳಿಸಿದೆ.
ಸೀಲು ಒತ್ತಲಿಲ್ಲ. “ಕಾಲಂ ಏಳು ಅಪೂರ್ಣ,
ಅರ್ಜಿದಾರರು ಖುದ್ದಾಗಿ ಬರತಕ್ಕದ್ದು” ಅಂತ ಬರೆದು
ಸೊರಬದ ವಿಳಾಸಕ್ಕೆ ಅಂಚೆಗೆ ಹಾಕಿದೆ.
ಚಲನ್ನನ್ನೂ ಲಕೋಟೆಯೊಳಗಿಟ್ಟೆ,
ನನ್ನ ಮೊತ್ತಕ್ಕೆ ಅಡ್ಡಗೀಟು ಎಳೆದು.